ಸ್ಲೈಡ್ ಸ್ಕ್ಯಾನರಿನ ಡ್ರೈವರ್ ಬರೆದ ಎರಡು ಮಳೆಗಾಲ

ಕಾರವಾರದ ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿದವಳು ನಾನು, ಅಲ್ಲೇ ನಿವೃತ್ತಳಾದೆ. ಈಗ ಆ ಲ್ಯಾಬಿನಲ್ಲಿರುವ ಹುಡುಗಿಯರು ಕೆಲವೊಮ್ಮೆ ಫೋನ್ ಮಾಡುತ್ತಾರೆ. "ಮೇಡಂ, ನೀವು ಯಾವುದೋ ಸ್ಕ್ಯಾನರಿಗೆ ಡ್ರೈವರ್ ಬರೆದಿದ್ರಂತೆ, ಇಂಟರ್ನೆಟ್‌ನಲ್ಲಿ ನಿಮ್ಮ ಹೆಸರು ಇದೆ" ಅಂತ ಹಿಗ್ಗಿನಿಂದ ಹೇಳುತ್ತಾರೆ. ಹೌದು, ಇದೆ. ಆ ಹೆಸರು ಅಲ್ಲಿಗೆ ಹೇಗೆ ಹೋಯಿತು ಎಂದು ಅವರು ಕೇಳಿದಾಗಲೆಲ್ಲ ಅರ್ಧ ಮಾತ್ರ ಹೇಳಿ ಫೋನ್ ಇಡುತ್ತಿದ್ದೆ. ಪೂರ್ತಿ ಹೇಳುವುದಕ್ಕೆ ಕೂತು ಬರೆಯುವುದೇ ಒಳ್ಳೆಯದು.

ಡ್ರೈವರ್ ಅಂದರೆ ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಯಂತ್ರಕ್ಕೂ ನಡುವೆ ಮಾತು ದಾಟಿಸುವ ಪ್ರೋಗ್ರಾಂ. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ಸ್ಕ್ಯಾನರಾದರೂ ಬರೀ ಡಬ್ಬ. ನಾನು ಮನೆಯಲ್ಲಿ "ಡ್ರೈವರ್ ಬರೀತಿದ್ದೇನೆ" ಅಂದಾಗ ನಮ್ಮ ಅತ್ತೆ, "ಯಾವ ಬಸ್ಸಿನ ಡ್ರೈವರಿಗೆ ಬರೀತೆ? ಎಂತಕ್ಕೆ?" ಎಂದು ಕೇಳಿದ್ದರು. ದಿನಾ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿಬರುವವಳ ಬಾಯಲ್ಲಿ ಡ್ರೈವರ್ ಅನ್ನುವ ಮಾತು ಬಂದರೆ ಅವರಾದರೂ ಬೇರೆ ಏನು ತಿಳಿದಾರು!

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆ ಸ್ಕ್ಯಾನರನ್ನು ಮುಂಬಯಿಯಿಂದ ತರಿಸಿದವರು ವಿಠ್ಠಲ ಮಾಸ್ತರು. ಅಂಕೋಲೆಯಲ್ಲಿ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಬೇಲೆಕೇರಿ ರಸ್ತೆಯಲ್ಲಿ ಅವರ ಮನೆ. ಕೆಲಸದಲ್ಲಿದ್ದಷ್ಟು ವರ್ಷವೂ ರಜೆ ಸಿಕ್ಕಿದಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಡಲ ದಂಡೆ ತಿರುಗಿದವರು. ಇಳಿತದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ಸಿಗುವ ಶಂಖ, ಚಿಪ್ಪು, ಬಳಚು, ಏಡಿ ಎಲ್ಲದರ ಫೋಟೋ ತೆಗೆದಿದ್ದರು. ಎಲ್ಲವೂ ಸ್ಲೈಡುಗಳು, ಕಾಗದದ ಚೌಕಟ್ಟಿನಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಫಿಲ್ಮ್ ತುಂಡುಗಳು. ಪ್ರೊಜೆಕ್ಟರಿನಲ್ಲಿ ಹಾಕಿ ಗೋಡೆಯ ಮೇಲೆ ತೋರಿಸಿ ಪಾಠ ಮಾಡುತ್ತಿದ್ದರು. ಅವರು ಫೋಟೋ ತೆಗೆದ ದಂಡೆಯಲ್ಲಿ ದೊಡ್ಡ ಪಾಲು ಅರ್ಗಾದ ಕಡೆ ಇತ್ತು. ನೌಕಾನೆಲೆಗೆ ಜಾಗ ಹೋದ ಮೇಲೆ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ನಮ್ಮ ಬಸ್ಸು ದಿನವೂ ನೌಕಾನೆಲೆಯ ಎತ್ತರದ ಗೋಡೆಯ ಪಕ್ಕದಲ್ಲೇ ಹೋಗುತ್ತಿತ್ತು, ಒಳಗಿನ ಕಡಲು ಕಾಣುತ್ತಿರಲಿಲ್ಲ.

ಮಾಸ್ತರಿಗೆ ಆ ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂಬ ಆಸೆ. ಒಮ್ಮೆ ಒಂದು ಡಬ್ಬಿ ಹುಬ್ಬಳ್ಳಿಯ ಸ್ಟುಡಿಯೋ ಒಂದಕ್ಕೆ ಕಳಿಸಿದ್ದರು, ಗೀರುಗೀರಾಗಿ ವಾಪಸ್ ಬಂದಿತ್ತು. ಅಂದಿನಿಂದ ಒಂದು ಸ್ಲೈಡನ್ನೂ ಊರು ದಾಟಿಸುವುದಿಲ್ಲ ಎಂದು ಹಟ ಹಿಡಿದಿದ್ದರು. ಮುಂಬಯಿಯಲ್ಲಿ ಮುಚ್ಚಿಹೋದ ಪ್ರೆಸ್ಸಿನಿಂದ ಹಳೆಯ ಫಿಲ್ಮ್ ಸ್ಕ್ಯಾನರ್ ಒಂದನ್ನು ಅವರ ಅಳಿಯ ಕಳಿಸಿಕೊಟ್ಟ. ಅದರ ಜೊತೆ ಬಂದ ಸಿ.ಡಿ. ಮ್ಯಾಕ್ ಕಂಪ್ಯೂಟರಿನದು. ಕಾರವಾರ, ಅಂಕೋಲೆ ಎರಡೂ ಕಡೆ ಹುಡುಕಿದರೂ ಮ್ಯಾಕ್ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಕಂಪ್ಯೂಟರುಗಳಿಗೆ ಆಗುವಂಥದ್ದನ್ನು ಕಂಪನಿಯವರು ಮಾಡಿಯೇ ಇರಲಿಲ್ಲ. ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರು.

ಮಾಸ್ತರು ಸ್ಕ್ಯಾನರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ನಮ್ಮ ಲ್ಯಾಬಿಗೇ ಬಂದರು.

"ಸುಮತಿ, ನೀನು ಲಿನಕ್ಸ್ ಅಂತ ಏನೋ ಕಲ್ತಿದ್ದೀಯಂತಲ್ಲ. ಇದಕ್ಕೆ ಮಾತು ಬರಿಸಲಿಕ್ಕೆ ಆಗ್ತದಾ ನೋಡು."

ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಲ್ಯಾಬಿನ ಒಂದು ಕಂಪ್ಯೂಟರಿಗೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ, ಅಷ್ಟೇ. ನನಗೆ ಗೊತ್ತಿದ್ದದ್ದು ಪ್ರೋಗ್ರಾಂ ಬರೆಯುವ ಸಿ ಭಾಷೆ ಮತ್ತು ಮೈಕ್ರೋಪ್ರೊಸೆಸರ್ ಪಾಠ. ಆದರೂ ಮಾಸ್ತರಿಗೆ "ನೋಡ್ತೇನೆ" ಅಂದೆ. ಲಿನಕ್ಸಿನಲ್ಲಿ ಸ್ಕ್ಯಾನರುಗಳಿಗಾಗಿಯೇ ಡ್ರೈವರ್ ಬರೆಯುವ ಒಂದು ತಂಡವಿತ್ತು. ಯಾರು ಬೇಕಾದರೂ ಸೇರಬಹುದು, ಬರೆದ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬಳಸಬಹುದು. ಅವರಿಗೆ ಒಂದು ಇಮೇಲ್ ಬರೆದೆ. ಉತ್ತರ ಕೊಟ್ಟವನು ಯಾನ್. ಹಾಲೆಂಡಿನವನು, ನಾನು ಇವತ್ತಿಗೂ ಅವನ ಮುಖ ನೋಡಿಲ್ಲ. ಅವನಿರುವ ಕಚೇರಿಯಲ್ಲಿ ಇದೇ ಸ್ಕ್ಯಾನರ್ ಇತ್ತು, ಮ್ಯಾಕೂ ಇತ್ತು. ಎರಡರ ನಡುವೆ ಒಂದು ಪರೀಕ್ಷಾ ಯಂತ್ರ ಕೂರಿಸಿ, ಓಡಾಡುವ ಪ್ರತಿ ಬೈಟನ್ನೂ ಹಿಡಿದು ಕಳಿಸುತ್ತೇನೆ, ಯಾವುದರ ಅರ್ಥ ಏನು ಎಂದು ನೀವು ಬಿಡಿಸಬೇಕು ಎಂದು ಬರೆದ. ದೀರ್ಘ ಕೆಲಸ, ಅವಸರ ಮಾಡಬೇಡಿ ಎಂದೂ ಸೇರಿಸಿದ್ದ.

ಈ ನಡುವೆ ಒಂದು ಪ್ರಯೋಗ ಮಾಡಿದ್ದೆವು. ಕಾಲೇಜಿನ ಹಳೇ ಪ್ರೊಜೆಕ್ಟರ್ ತಂದು, ಸ್ಲೈಡನ್ನು ಗೋಡೆಯ ಮೇಲೆ ಬಿಟ್ಟು, ಅಂಕೋಲೆಯ ಸ್ಟುಡಿಯೋದವರಿಂದ ಅದರ ಫೋಟೋ ತೆಗೆಸಿ ನೋಡಿದೆವು. ಮಾಸ್ತರು ಆ ಫೋಟೋವನ್ನು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು.

"ಚಿಪ್ಪಿನ ಮೇಲಿನ ಗೆರೆಯೇ ಇಲ್ಲ ಇದರಲ್ಲಿ. ಗೆರೆ ಇಲ್ದೆ ಇದು ಯಾವ ಜಾತಿ ಅಂತ ಹೇಳೂದು ಹ್ಯಾಂಗೆ? ಬೇಡ, ಬೇಡ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪ್ರೊಜೆಕ್ಟರ್ ವಾಪಸ್ ಕಾಲೇಜಿಗೆ ಹೋಯಿತು. ಆ ದಾರಿ ಮುಗಿಯಿತು ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟೆವು.

ಗಿರಿಜಾ ಬಂದದ್ದು ಇದಾದ ಮೇಲೆ. ಹಾರವಾಡದಿಂದ ಮೀನು ತಂದು ಬೇಲೆಕೇರಿ ರಸ್ತೆಯ ಮನೆಗಳಿಗೆ ಮಾರುವವಳು. ಅವಳು ಹುಟ್ಟಿ ಬೆಳೆದ ಕಡಲ ಕೇರಿ ಈಗ ನೌಕಾನೆಲೆಯ ಗೋಡೆಯ ಆಚೆ ಇದೆ, ಕೇರಿಯವರಲ್ಲಿ ಹೆಚ್ಚಿನವರು ಹಾರವಾಡಕ್ಕೆ ಬಂದಿದ್ದರು. ಅವಳ ಅಪ್ಪ ಸೋಮಣ್ಣ ತನ್ನ ದೋಣಿಯಲ್ಲಿ ಮಾಸ್ತರನ್ನು ಬಂಡೆಗಳಿಗೆ ಕರೆದುಕೊಂಡು ಹೋಗುತ್ತಿದ್ದವನು. ಕೇರಿ ಖಾಲಿ ಮಾಡುವ ಮೊದಲೇ ತೀರಿಹೋಗಿದ್ದ. ನಾನು ಆ ದಿನ ಮಾಸ್ತರ ಮನೆಯಲ್ಲಿ ಸ್ಲೈಡುಗಳನ್ನು ವಿಂಗಡಿಸುತ್ತಿದ್ದೆ. ಗಿರಿಜಾ ಕಿಟಕಿಯಿಂದಲೇ ನೋಡಿ ಕೇಳಿದಳು.

"ಮಾಸ್ತರೇ, ಆ ಡಬ್ಬಿಯೊಳಗೆ ನಮ್ಮಪ್ಪ ಇದ್ನಲ್ರಾ? ನಾ ಸಣ್ಣಕ್ಕಿದ್ದಾಗ ನೀವು ಶಾಲೆ ಗೋಡೆ ಮೇಲೆ ತೋರ್ಸಿದ್ರಿ. ರಂಪಣಿ ಎಳೂದು."

ರಂಪಣಿ ಎಂದರೆ ಊರಿಗೆ ಊರೇ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಮಾಸ್ತರು ಹುಡುಕಿ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ಅವಳ ಕೈಗೆ ಭೂತಗನ್ನಡಿ ಕೊಟ್ಟರು. ಉಗುರಿನಷ್ಟು ಚಿತ್ರದಲ್ಲಿ ಹತ್ತು ಹದಿನೈದು ಜನ ಹಗ್ಗ ಹಿಡಿದು ಹಿಂದಕ್ಕೆ ಬಾಗಿದ್ದಾರೆ. ಎಲ್ಲರಿಗಿಂತ ಮುಂದೆ, ಮೊಣಕಾಲು ನೀರಿನಲ್ಲಿ ಒಬ್ಬ ಮನುಷ್ಯ ಕ್ಯಾಮೆರಾದ ಕಡೆಗೇ ಮುಖ ಮಾಡಿ ಕೂಗುತ್ತಿದ್ದಾನೆ.

"ಮಾಸ್ತರಿಗೇ ಬೈತಾ ಇದ್ದಾನೆ, 'ಫೋಟೋ ಸಾಕು, ಬಂದು ಹಗ್ಗ ಹಿಡೀರಿ' ಅಂತ," ಎಂದಳು ಗಿರಿಜಾ. ಅವಳ ಮನೆಯಲ್ಲಿ ಅಪ್ಪನ ಬೇರೆ ಫೋಟೋ ಒಂದೂ ಇರಲಿಲ್ಲ. ಕೇರಿ ಬಿಡುವಾಗಿನ ಗಡಿಬಿಡಿಯಲ್ಲಿ ಟ್ರಂಕು ಮಳೆಗೆ ನೆಂದು, ಇದ್ದ ಒಂದೂ ಹೋಗಿತ್ತು.

"ಇದನ್ನ ದೊಡ್ಡಕ್ಕೆ ಮಾಡಿ ಕೊಡ್ತ್ರಾ, ಅಕ್ಕೋರೆ?"

ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ಸ್ಕ್ಯಾನರ್ ಸರಿಯಾಗಲಿ, ಮೊದಲು ನಿನ್ನದೇ" ಎಂದು ಹೇಳಿದೆ.

ಆ ಸ್ಲೈಡಿನ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಒಂದು ಬಿಳಿ ಎಳೆ ಇತ್ತು. ಬೂಷ್ಟು. ಕಡಲ ಹವೆಯಲ್ಲಿ ಫಿಲ್ಮಿಗೆ ಅದು ಹಿಡಿಯುವುದು ಹೊಸತಲ್ಲ. ಮಾಸ್ತರು ಅದಕ್ಕಾಗಿಯೇ, ತೇವ ಸೇರದಿರಲೆಂದು, ಕಪಾಟಿನೊಳಗೆ ಒಂದು ಝೀರೋ ಬಲ್ಬು ಹಚ್ಚಿಟ್ಟಿರುತ್ತಿದ್ದರು. "ಅಂಚಿನಲ್ಲಿದೆ, ತಡೀತದೆ" ಎಂದರು.

ಕೆಲಸ ಶುರುವಾಯಿತು. ಯಾನ್ ಕಳಿಸಿದ ಅಂಕಿಗಳ ಸಾಲುಗಳನ್ನು ಪ್ರಿಂಟ್ ಮಾಡಿಕೊಂಡು ಬಸ್ಸಿನಲ್ಲಿ ಓದುತ್ತಿದ್ದೆ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲ. ಬಸ್ಸು ನಿಂತಲ್ಲೇ ನಿಂತರೆ ನನಗೆ ಓದಲು ಹೊತ್ತು ಸಿಗುತ್ತಿತ್ತು. ಈ ಬೈಟು ದೀಪ ಹಚ್ಚುವುದು, ಇದು ಮೋಟರನ್ನು ಸರಿಸುವುದು, ಇದು ಓದಲು ಹೇಳುವುದು ಎಂದು ಒಂದೊಂದಾಗಿ ಬಿಡಿಸಿದೆ. ನನ್ನ ಪ್ರೋಗ್ರಾಮಿಗೆ ಸ್ಕ್ಯಾನರಿನ ದೀಪ ಮೊದಲ ಸಲ ಹತ್ತಿದ ದಿನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಯಾರಿಗೆ ಹೇಳುವುದು? ಹೊರಗೆ ಬಂದು ಪ್ಯೂನ್‌ಗೇ ಹೇಳಿದೆ. "ಒಳ್ಳೇದಾಯ್ತು, ಫ್ಯಾನು ಯಾವಾಗ ಸರಿಯಾಗ್ತದೆ?" ಎಂದು ಅವನು ಕೇಳಿದ.

ಈ ಹಂತದಲ್ಲೇ ಕಂಪನಿಯ ಉತ್ತರ ಬಂತು. ಮೊದಲಿಗೆ ನಾನು ಅವರ ಭಾರತದ ಏಜೆಂಟರಿಗೂ ಬರೆದಿದ್ದೆ, ಮರೆತೂ ಬಿಟ್ಟಿದ್ದೆ. ಸ್ಕ್ಯಾನರಿನ ಆಜ್ಞೆಗಳ ಪೂರ್ತಿ ವಿವರ ಕೊಡುತ್ತೇವೆ, ನಿಮ್ಮ ಸಂಸ್ಥೆಯ ಬಳಕೆಗೆ ಪ್ರೋಗ್ರಾಂ ಮಾಡಿಕೊಳ್ಳಿ, ಆದರೆ ಆ ವಿವರವನ್ನಾಗಲೀ ನೀವು ಬರೆದ ಕೋಡನ್ನಾಗಲೀ ಯಾರಿಗೂ ತೋರಿಸುವುದಿಲ್ಲ ಎಂದು ಸಹಿ ಹಾಕಿ ಎಂದಿದ್ದರು. ಸಹಿ ಹಾಕಿದರೆ ಒಂದೆರಡು ತಿಂಗಳಲ್ಲಿ ಕೆಲಸ ಮುಗಿಯುತ್ತಿತ್ತು.

ಯಾನ್‌ಗೆ ಬರೆದೆ. ಅವನು ಒತ್ತಾಯ ಮಾಡಲಿಲ್ಲ. ಸಹಿ ಹಾಕಿದರೆ ಆಮೇಲೆ ನೀವು ಬರೆದ ಯಾವುದನ್ನೂ ನಾವು ಸೇರಿಸಿಕೊಳ್ಳಲಾಗುವುದಿಲ್ಲ, ಇದೇ ಸ್ಕ್ಯಾನರ್ ಇಟ್ಟುಕೊಂಡು ಕಾಯುತ್ತಿರುವವರು ಬೇರೆ ದೇಶಗಳಲ್ಲೂ ಇದ್ದಾರೆ, ಆದರೂ ತೀರ್ಮಾನ ನಿಮ್ಮದೇ ಎಂದ.

ನಮ್ಮ ವಿಭಾಗದ ಮುಖ್ಯಸ್ಥರು ಧಾರವಾಡ ಕಡೆಯ ದೇಸಾಯಿ ಸರ್. ಕಾಗದ ಓದಿ ಮೇಜಿನ ಮೇಲಿಟ್ಟರು.

"ಸಹಿ ಮಾಡ್ರಿ, ಕೆಲಸ ಮುಗಸ್ರಿ. ಇದರಾಗ ವಿಚಾರ ಮಾಡೂದೇನದ?"

"ಸರ್, ಹಾಗೆ ಮಾಡಿದ್ರೆ ಇದು ನಮ್ಮ ಲ್ಯಾಬಿನಲ್ಲೇ ಉಳಿದುಹೋಗ್ತದೆ. ಬೇರೆಯವರಿಗೆ—"

"ನಿಮ್ಮ ತತ್ವ ಚಲೋ ಅದ ಸುಮತಿ ಅವರ, ನಾ ಅಲ್ಲ ಅನ್ನಂಗಿಲ್ಲ. ಆದರ ಆ ಮಾಸ್ತರ ಸ್ಲೈಡ್ ನಿಮ್ಮ ತತ್ವಕ್ಕ ಕಾಯೂದಿಲ್ಲ."

ದೇಸಾಯಿ ಸರ್ ಬಗ್ಗೆ ನಮ್ಮಲ್ಲಿ ಯಾರಿಗೂ ಅಂಥ ಪ್ರೀತಿ ಇರಲಿಲ್ಲ. ಎಲ್ಲ ಕೆಲಸದಿಂದಲೂ ಬೇಗ ಕೈತೊಳೆದುಕೊಳ್ಳುವವರು ಎಂದು ನಮ್ಮ ಲೆಕ್ಕ. ಹಾಗಾಗಿ ಅವರು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬಹುದಾದ ಒಂದು ಮಾತು ಇದ್ದರೆ ಇದು: ನಮಗೆ ಹಿಡಿಸದ ಮನುಷ್ಯ ಹೇಳಿದ ಮಾತನ್ನು ಇನ್ನೊಂದು ಸಲ ಯೋಚಿಸಿ ನೋಡಬೇಕು.

ಮಾಸ್ತರನ್ನೂ ಕೇಳಿದೆ. ಅವರು ಜಗಲಿಯಲ್ಲಿ ಅತ್ತಿತ್ತ ನಡೆದಾಡಿ ಹೇಳಿದರು: "ಈ ಚಿಪ್ಪುಗಳ ಫೋಟೋ ಯಾರು ಬೇಕಾದ್ರೂ ನೋಡ್ಲಿ ಅಂತಲೇ ನಾನು ತೆಗ್ದದ್ದು. ನಿನ್ನ ಕೆಲ್ಸಾನೂ ಹಾಗೇ ಇರ್ಲಿ. ನಾವು ಕಾಯ್ವ."

ಸಹಿ ಹಾಕಲಿಲ್ಲ. ಕಾಯುವವರಲ್ಲಿ ಗಿರಿಜಾ ಕೂಡ ಇದ್ದಳು. ಅವಳನ್ನು ಕೇಳಬೇಕು ಎಂದು ಮಾಸ್ತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು ಎಡವಟ್ಟು. ಮೋಟರಿಗೆ ಎಷ್ಟು ಸರಿಯಬೇಕು ಎಂದು ಹೇಳುವ ಅಂಕಿಯಲ್ಲಿ ಮೇಲಿನ ಬೈಟು ಕೆಳಗಿನ ಬೈಟು ಅದಲುಬದಲು ಮಾಡಿಬಿಟ್ಟೆ, ಸಣ್ಣ ಅಂಕಿ ಭಾರೀ ದೊಡ್ಡದಾಯಿತು. ಸ್ಲೈಡ್ ಹಿಡಿಯುವ ತಟ್ಟೆ ತುದಿಗೆ ಹೋಗಿ ಬಡಿದು, ಕರಕರ ಸದ್ದು ಮಾಡುತ್ತ ಅಲ್ಲೇ ತಿರುಗಿತು. ವೈರು ಕೀಳುವಷ್ಟರಲ್ಲಿ ಒಂದು ಹಲ್ಲುಚಕ್ರದ ಹಲ್ಲು ಹೋಗಿತ್ತು. ಅಂಥ ಚಕ್ರ ಎಲ್ಲೂ ಸಿಗಲಿಲ್ಲ. ನಮ್ಮದೇ ವರ್ಕ್‌ಶಾಪಿನಲ್ಲಿ ನೈಲಾನಿನಲ್ಲಿ ಮಾಡಿಸಿದ್ದು ಅಳತೆಗೆ ಕೂರದೆ, ಮತ್ತೆ ಮಾಡಿಸಿ, ಮತ್ತೆ ಮಾಡಿಸಿ, ಮೊದಲ ಮಳೆಗಾಲ ಅದರಲ್ಲೇ ಕಳೆಯಿತು.

ಚಿತ್ರ ಬರತೊಡಗಿದಾಗ ಇನ್ನೊಂದು. ಕೆಂಪು, ಹಸಿರು, ನೀಲಿ ಮೂರು ಬೇರೆ ಬೇರೆ ಜಾಗದಲ್ಲಿ ಬಿದ್ದು, ಒಂದು ಏಡಿಗೆ ಮೂರು ನೆರಳು. ಸ್ಕ್ಯಾನರಿನೊಳಗೆ ಮೂರು ಬಣ್ಣದ ಕಣ್ಣುಗಳು ಒಂದರ ಹಿಂದೆ ಒಂದು ಇರುತ್ತವೆ, ಅವು ನೋಡಿದ್ದನ್ನು ಸರಿಸಿ ಸೇರಿಸಬೇಕು ಎಂದು ಯಾನ್ ಹೇಳಿದ ಮೇಲೆ ಅದು ಸರಿಯಾಯಿತು. ಆಮೇಲೆ ಎಲ್ಲ ಚಿತ್ರಗಳ ಮೇಲೂ ಉದ್ದುದ್ದ ಗೆರೆ. ಎಷ್ಟೋ ವಾರ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿ ಇರಲೇ ಇಲ್ಲ. ಶುರುವಿನಲ್ಲಿ ಸ್ಕ್ಯಾನರ್ ತನ್ನ ದೀಪದ ಬೆಳಕನ್ನು ಖಾಲಿಯಾಗಿ ಒಮ್ಮೆ ಅಳೆದುಕೊಳ್ಳಬೇಕು. ನಾನು ಸ್ಲೈಡ್ ಒಳಗೆ ಹಾಕಿಯೇ ಅಳೆಸುತ್ತಿದ್ದೆ. ಜೊತೆಗೆ ಲಾರಿಗಳ ಕೆಂಪು ಧೂಳು ಬೇರೆ. ಹೋದರೂ ಪರವಾಗಿಲ್ಲ ಎಂದು ಮಾಸ್ತರು ಪರೀಕ್ಷೆಗೆ ಬಿಟ್ಟುಕೊಟ್ಟ ನಾಲ್ಕಾರು ಸ್ಲೈಡುಗಳ ಮೇಲೂ ಅದು ಕೂತಿರುತ್ತಿತ್ತು.

ಎರಡನೆಯ ಮಳೆಗಾಲ ಜೋರಿತ್ತು. ಅಂಕೋಲೆಯಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಮಾಸ್ತರ ಕಪಾಟಿನ ಬಲ್ಬು ಆರಿಯೇ ಇರುತ್ತಿತ್ತು. ಡಬ್ಬಿಗಳನ್ನು ಲ್ಯಾಬಿನ ಏಸಿ ಕೋಣೆಗೆ ತಂದಿಡಿ ಎಂದು ನಾನು ಹೇಳಿದ್ದೆ, "ಮಳೆಯಲ್ಲಿ ಬಸ್ಸಿನಲ್ಲಾ? ಬೇಡ" ಎಂದಿದ್ದರು. ಗಿರಿಜಾ ಮೀನು ಕೊಡುವಾಗಲೆಲ್ಲ ಕೇಳುತ್ತಿದ್ದಳಂತೆ. ನನಗೂ ಒಮ್ಮೆ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದಳು.

"ಅಕ್ಕೋರೆ, ನಿಮ್ಮ ಮಷಿನ್ ಎಂತಾ ಹೇಳ್ತದೆ?"

"ಆಗ್ತಾ ಬಂತು ಗಿರಿಜಾ. ಇನ್ನು ಸ್ವಲ್ಪ."

"ಆಯ್ತು, ಆಯ್ತು. ನಿಧಾನ ಆಗ್ಲಿ, ಚಲೋ ಬರ್ಲಿ."

ಮಳೆ ಹಿಂದೆ ಸರಿಯುವ ಹೊತ್ತಿಗೆ ಡ್ರೈವರ್ ಮುಗಿಯಿತು. ಯಾನ್ ಅದನ್ನು ಒಪ್ಪಿ ಸೇರಿಸಿಕೊಂಡ. ಕೋಡಿನ ತಲೆಯಲ್ಲಿ ನನ್ನ ಹೆಸರು, ಅದರ ಮುಂದೆ ಕಾರವಾರ ಎಂದು ಬಂತು. ಖುಷಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ದಕ್ಷಿಣ ಅಮೆರಿಕದ ಯಾವುದೋ ಊರಿನಿಂದ ಒಬ್ಬ ಮುದುಕ, ತನ್ನ ಮದುವೆಯ ಸ್ಲೈಡುಗಳನ್ನು ಮೊಮ್ಮಕ್ಕಳಿಗೆ ತೋರಿಸಿದೆ, ನಿಮ್ಮಿಂದಾಗಿ ಆಯಿತು ಎಂದು ಬರೆದ. ಅವನ ಹೆಂಡತಿ ಚಂದ ಇದ್ದಳು. ಮದುವೆಯ ಫೋಟೋ ಒಂದನ್ನು ಜೊತೆಗೆ ಕಳಿಸಿದ್ದ, ಮುಖಗಳೆಲ್ಲ ಸ್ಪಷ್ಟ.

ಸ್ಕ್ಯಾನರನ್ನೂ ಕಂಪ್ಯೂಟರನ್ನೂ ಮಾಸ್ತರ ಮನೆಗೇ ಒಯ್ದೆ. ಕಪಾಟು ತೆಗೆದಾಗಲೇ ವಾಸನೆ ಬಂತು. ಡಬ್ಬಿಯಿಂದ ಡಬ್ಬಿಗೆ ಸ್ಲೈಡುಗಳನ್ನು ಬೆಳಕಿಗೆ ಹಿಡಿಯುತ್ತ ಹೋದ ಮಾಸ್ತರು ಹಾಳಾದವನ್ನು ಬೇರೆ ಸಾಲಾಗಿ ಇಡತೊಡಗಿದರು. ಅರ್ಧಕ್ಕೂ ಹೆಚ್ಚು ಹೋಗಿದ್ದವು. ಬೂಷ್ಟು ಫಿಲ್ಮಿನ ಬಣ್ಣವನ್ನೇ ತಿಂದುಬಿಟ್ಟಿತ್ತು. ಒರೆಸಿದರೆ ಬಣ್ಣವೂ ಜೊತೆಗೆ ಬರುತ್ತಿತ್ತು.

ರಂಪಣಿಯ ಸ್ಲೈಡನ್ನು ಮೊದಲು ಹಾಕಿದೆ. ಸಾಲು ಸಾಲಾಗಿ ಚಿತ್ರ ಇಳಿಯಿತು. ತೆಂಗಿನ ಮರಗಳು, ಆಚೆ ಮನೆಗಳ ಹೆಂಚು, ಹಗ್ಗ ಎಳೆಯುವ ಜನ, ಅವರ ಬೆನ್ನು, ತೋಳು, ಮುಖ, ಒಬ್ಬೊಬ್ಬರದೂ ಹೊಳೆಯುವ ಹಾಗೆ ಬಂತು. ಮುಂದೆ ನೀರಿನಲ್ಲಿ ನಿಂತವನ ಕುತ್ತಿಗೆಯಿಂದ ಮೇಲೆ ಬಿಳಿ ಕಲೆ. ಕಲೆಯ ಅಂಚಿನಿಂದ ಎಳೆಗಳು ಆಕಾಶದವರೆಗೂ ಹರಡಿದ್ದವು.

ಮಾಸ್ತರು ನನ್ನ ಹಿಂದೆ ನಿಂತಿದ್ದರು. "ಆ ಪ್ರೊಜೆಕ್ಟರ್," ಎಂದರು.

ನನಗೂ ಅದೇ ಕ್ಷಣಕ್ಕೆ ಹೊಳೆದಿತ್ತು. ಚಿಪ್ಪಿನ ಗೆರೆ ಕಾಣಬೇಕು ಎಂದಾದರೆ ಸ್ಕ್ಯಾನರೇ ಬೇಕಿತ್ತು. ಸೋಮಣ್ಣನ ಮುಖಕ್ಕೆ ಗೋಡೆಯ ಮೇಲಿನ ಮಸುಕು ಫೋಟೋ ಸಾಕಿತ್ತು. ಗಿರಿಜಾ ಕೇಳಿದ ದಿನವೇ ಪ್ರೊಜೆಕ್ಟರನ್ನು ಇನ್ನೊಮ್ಮೆ ತರಿಸಿದ್ದರೆ ಅವತ್ತು ಸಂಜೆಗೇ ಆಗುತ್ತಿತ್ತು. ಡ್ರೈವರ್, ಕಂಪನಿಯ ಕಾಗದ, ನನ್ನ ತತ್ವ ಯಾವುದೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಸಹಿ ಹಾಕದಿದ್ದದ್ದು ತಪ್ಪು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಆದರೆ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ, ಅವಳದನ್ನೂ ನನ್ನ ಡ್ರೈವರಿನ ಜೊತೆ ಕಾಯಿಸಿದೆವಲ್ಲ, ಅದು ತಪ್ಪು.

ಮರುದಿನ ಗಿರಿಜಾ ಬಂದಳು. ಬುಟ್ಟಿ ಹೊರಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಪರದೆಯ ಮುಂದೆ ಕೂತಳು. ತುಂಬಾ ಹೊತ್ತು ನೋಡಿದಳು. ಕೊಂಕಣಿಯಲ್ಲಿ ತನ್ನಷ್ಟಕ್ಕೆ ಏನೋ ಅಂದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆವತ್ತು ಭೂತಗನ್ನಡಿಯಲ್ಲಿ ಕಂಡಿತ್ತಲ್ರಾ ಮುಖ?"

"ಹೌದು."

"ಆವತ್ತೇ ಮಾಡಿದ್ರೆ ಬರ್ತಿತ್ತಾ, ಅಕ್ಕೋರೆ?"

ಮಾಸ್ತರು ಏನೋ ಹೇಳಲು ಹೋದರು. ನಾನೇ ಹೇಳಿದೆ. "ಬರ್ತಿತ್ತು."

ಅವಳು ಪರದೆಯ ಹತ್ತಿರ ಬಗ್ಗಿ ಹಗ್ಗ ಹಿಡಿದವರನ್ನು ಒಬ್ಬೊಬ್ಬರಾಗಿ ತೋರಿಸತೊಡಗಿದಳು. ಇವನು ನಮ್ಮ ಚಿಕ್ಕಪ್ಪ, ಇದು ಅವನ ಹೆಂಡತಿ, ಇವಳು ಈಗ ಬೇಲೆಕೇರಿಯಲ್ಲಿ ಮಗಳ ಮನೆಯಲ್ಲಿ ಇದ್ದಾಳೆ, ಈ ಮುದುಕ ಹೋದ, ಅವನ ಮಕ್ಕಳು ಹಾರವಾಡದಲ್ಲೇ ಇದ್ದಾರೆ.

"ಇವರದ್ದೆಲ್ಲ ಚಲೋ ಬಂದದೆ. ಒಂದೊಂದು ಪ್ರತಿ ತೆಗ್ದು ಕೊಡ್ರಿ. ಇವರ ಮನೇಲೂ ಯಾರ ಹತ್ರವೂ ಇರೂದಿಲ್ಲ. ನಾ ಕೊಡ್ತೆ."

ಪ್ರತಿಗಳನ್ನು ಮಾಡಿಸಿದೆ. ನಾನೂ ಬರುತ್ತೇನೆ ಎಂದಾಗ ಅವಳು ಬೇಡ ಎನ್ನಲಿಲ್ಲ. ಭಾನುವಾರ ಇಬ್ಬರೂ ಹಾರವಾಡದಲ್ಲಿ ಮನೆಯಿಂದ ಮನೆಗೆ ಹೋದೆವು. ಫೋಟೋ ಕೈಗೆ ಬಂದ ಕೂಡಲೇ ಒಳಗಿದ್ದವರೆಲ್ಲ ಹೊರಗೆ ಓಡಿ ಬರುತ್ತಿದ್ದರು. ಅಜ್ಜ ಸಿಕ್ಕಿದ, ಅಕ್ಕ ಸಿಕ್ಕಿದಳು, ನಮ್ಮ ಮನೆಯ ಹೆಂಚು ನೋಡು, ಬಾವಿ ಕಟ್ಟೆ ನೋಡು ಎಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಬ್ಬ ಮುದುಕಿ ಫೋಟೋಕ್ಕೆ ಮುತ್ತು ಕೊಟ್ಟಳು. ಗಿರಿಜಾ ಅವರ ಜೊತೆ ತಾನೂ ನಗುತ್ತಿದ್ದಳು.

ಹೀಗೆ ಗಲಾಟೆ ಆದ ಮೇಲೆ ಎಲ್ಲ ಮನೆಯಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಅಲ್ಲಾ, ರಂಪಣಿ ಎಳೂವಾಗ ಸೋಮಣ್ಣ ಇಲ್ದೆ ಇರ್ತಿದ್ನಾ? ಅವ ಎಲ್ಲಿ?"

ಗಿರಿಜಾ ಆ ಬಿಳಿ ಕಲೆಯ ಮೇಲೆ ಬೆರಳಿಟ್ಟು, "ಇಲ್ಲಿ" ಎನ್ನುತ್ತಿದ್ದಳು.